ಇಬ್ಬರ ಪಾಲಿನ ಗುಳಿಗೆ

ಡಾಕ್ಟರರ ಪೆನ್ನು ಮೇಜಿನ ಮೇಲೆ ಟಕ್ ಟಕ್ ಅನ್ನುತ್ತಿದೆ, ಇವರ ಕೈ ಸುಮ್ಮನಿರುವುದೇ ಇಲ್ಲವೇನೋ, ನನ್ನ ಮುಖ ಯಾಕೆ ನೋಡಬೇಕು, ಗಾಳೆಪ್ಪನನ್ನು ನೋಡಲಿ, ಆಸ್ಪತ್ರೆಯ ಮಂಚದ ಮೇಲೆ ಎರಡು ಕಂಬಳಿಯೊಳಗೆ ನಡುಗುತ್ತಿದ್ದಾನೆ ನನ್ನ ಹಿರಿಮಗ — ಮೂರೂ ದಿನ ಬರೋಬರಿ ಕೊಟ್ಟೀಯಿಲ್ಲೋ ಚಿಗವ್ವ, ಊರಿನ ಆಶಾ ಕಾರ್ಯಕರ್ತೆ ಸುರೇಖಾ ಕೇಳುತ್ತಿದ್ದಾಳೆ, ಕೊಟ್ಟೀನಬೇ, ಕೊಡದೆ ಏನು ಮಾಡಲಿ, ಮೊದಲ ಸಲ ಜ್ವರ ಬಂದಾಗ ಇವಳೇ ಅಲ್ಲವೇ ಮನೆಗೆ ಬಂದು ಅವನ ಬೆರಳು ಚುಚ್ಚಿ, ಮಲೇರಿಯಾ ಐತಿ ಅಂತ ಗುಳಿಗೆಯ ಪಾಕೀಟು ಕೊಟ್ಟವಳು, ಉಂಡ ಮ್ಯಾಲ ನುಂಗಸು ಅಂದು ಗಡಬಡಿಸಿ ಹೋದವಳು. ನನ್ನ ಮಕ್ಕಳಿಬ್ಬರೂ ಮಂಗಳೂರು ಕಡೆ ಕಟ್ಟಡದ ಕೆಲಸದಿಂದ ಒಂದೇ ಬಸ್ಸಿನಲ್ಲಿ ಬಂದರು, ಇಬ್ಬರಿಗೂ ಒಂದೇ ಚಳಿ, ಆದರೆ ಕಿರಿಯವ ಯಂಕೇಶ ಸೂಜಿ ಕಂಡು ಎಮ್ಮೆಯ ಹಿಂದೆ ಅಡಗಿದ, ಇಪ್ಪತ್ತೆರಡು ವರ್ಷದ ಗಂಡಸು, ಮೀಸೆ ಬೇರೆ! ಪಾಕೀಟು ಮಾತ್ರ ಒಂದೇ. ಒಡೆದರೆ ಒಳಗೆ ಎರಡು ಥರ, ಮೂರು ದಿನ ದಿನಕ್ಕೊಂದು ಪಾಲಿನ ಸಣ್ಣವು, ಮೊದಲ ದಿನವೇ ನುಂಗುವ ದೊಡ್ಡವು. ನನ್ನ ಮನೆಯಲ್ಲಿ ರೊಟ್ಟಿ ಒಂದೇ ಉಳಿದರೂ ಇಬ್ಬರಿಗೂ ಹರಿದುಕೊಟ್ಟಿದ್ದೇನೆ, ಇವನಿಗೆ ಹೆಚ್ಚು ಅವನಿಗೆ ಕಡಿಮೆ ಅಂತ ಯಾರೂ ಅಂದಿಲ್ಲ, ಸಣ್ಣವು ಗಾಳೆಪ್ಪನಿಗೆ, ದೊಡ್ಡವು ಯಂಕೇಶನಿಗೆ, ತಪ್ಪೇ, ಎರಡೂ ಔಷಧಿಯೇ ಅಲ್ಲವೇ, ಇಬ್ಬರಿಗೂ ಜ್ವರ ಇಳಿಯಿತಲ್ಲ, ಇಳಿಯಿತೋ, ಇಳಿದಂತೆ ಕಂಡಿತೋ —

ಎರಡೂ ಕೂಡೇ ನುಂಗಬೇಕ ಚಿಗವ್ವ, ಒಂದು ಹೊಡದು ಬಿಟ್ಟಿದ್ದನ್ನ ಇನ್ನೊಂದು ಹೊಡೀತೈತಿ, ಒಂದ ಕೊಟ್ರ ಉಳಿದ ಹುಳಾ ಗಟ್ಟಿ ಆಗಿ ಕುಂದರ್ತಾವ, ಇದನ್ನು ಸುರೇಖಾ ಅವತ್ತು ಹೇಳಿದಳೋ ಈಗ ಹೇಳುತ್ತಿದ್ದಾಳೋ, ಅವತ್ತೇ ಹೇಳಿದ್ದರೆ ನನ್ನ ಕಿವಿ ಎಲ್ಲಿ ಹೋಗಿತ್ತು, ಒಲೆ ಮುಂದೆ ಇದ್ದೆನೇನೋ. ಪೂರ್ತಿ ತಗೊಂಡೂ ತಿರುಗಿ ಬಂದೈತಂದ್ರ ಆ ಗುಳಿಗಿ ಕೆಲಸ ಮಾಡಿಲ್ಲ, ಬ್ಯಾರೆ ಬರೀತೀನಿ, ಡಾಕ್ಟರು ಬರೆದೇಬಿಟ್ಟರು, ಪೂರ್ತಿ ಅಂತ ಬರೆದರೋ, ಪೂರ್ತಿ ಅಲ್ಲರಿ ಅನ್ನಬೇಕು, ಅಂದರೆ ಎಲ್ಲರೆದುರು ಹುಲಿಗವ್ವ ಹೆತ್ತ ಮಗನ ಮದ್ದನ್ನೇ ಕದ್ದಳು ಅಂತಾಗುತ್ತದೆ, ನಾನು ಕದ್ದೆನೇ, ಹಂಚಿದೆ, ಹಂಚಿದ್ದು. ನಮ್ಮವ್ವ ಎಲ್ಲಾ ಕೊಟ್ಟಾಳ್ರಿ, ಕಂಬಳಿಯೊಳಗಿಂದ ಗಾಳೆಪ್ಪ ಅಂದ, ಅಯ್ಯೋ ನನ್ನಪ್ಪಾ, ನೀನ್ಯಾಕೆ ಮಾತಾಡಿದೆ, ಈಗ ನಾನು ಹೆಂಗೆ ಬಾಯಿ ಬಿಡಲಿ. ಬೆಳಿಗ್ಗೆ ಯಂಕೇಶ ಸಾಣಾಪುರದಿಂದ ಫೋನು ಮಾಡಿದ್ದ, ಅಲ್ಲಿ ಹೋಟೆಲಿನಲ್ಲಿ ಪಾತ್ರೆ ತೊಳೆಯಲು ಹೋಗಿದ್ದಾನೆ, ಯವ್ವಾ ಮತ್ತ ಚಳಿ ಬರಾಕತ್ತೈತಿ, ಸುರೇಖಾ ಪಕ್ಕದಲ್ಲಿದ್ದಳು, ಕಟ್ ಮಾಡಿದೆ, ಅವನ ರಕ್ತ ಯಾರೂ ನೋಡಿಲ್ಲ, ಅವನಿಗೆ ಜ್ವರ ಇದೆಯೆಂದು ಇವರಿಗೆ ಗೊತ್ತೇ ಇಲ್ಲ, ಗೊತ್ತಿರುವುದು ನನಗೊಬ್ಬಳಿಗೆ, ಹೆದರಿಕೆಯಾಗುತ್ತಿದೆ, ಬಹಳ ಹೆದರಿಕೆಯಾಗುತ್ತಿದೆ.

ತಗೋ ಚಿಗವ್ವ, ನಾಕೂ ಒಮ್ಮೆಗೇ, ನನ್ನ ಮುಂದ ಹಾಕು, ಸುರೇಖಾ ನನ್ನ ಅಂಗೈಗೆ ನಾಲ್ಕು ಹಳದಿ ಗುಳಿಗೆ ಹಾಕಿ ನೀರು ತರಲು ತಿರುಗಿದಳು, ನಾಲ್ಕು, ಎರಡು ಇವನಿಗೆ, ಎರಡು — ಅಲ್ಲಲ್ಲ, ನಾಲ್ಕೂ ಇವನಿಗೇ, ಹಾಗಾದರೆ ಎಡಗೈ ಮುಷ್ಟಿಯೊಳಗೆ ಇದೇನು, ಎರಡು ಯಾವಾಗ ಅಲ್ಲಿಗೆ ಹೋದವು, ನಾನು ತೆಗೆದಿಲ್ಲ, ಕೈಯೇ ತೆಗೆದಿದೆ, ಹೇಳು ಹುಲಿಗವ್ವ, ಸುರೇಖಾ ಅಂತ ಕರೆ, ಬಂದಳು, ನೀರು ತಂದಳು, ಗಾಳೆಪ್ಪ ಕಣ್ಣು ಮುಚ್ಚಿ ಬಾಯಿ ತೆರೆದಿದ್ದಾನೆ, ಏನು, ಎಷ್ಟು ಅಂತ ಕೇಳುವುದಿಲ್ಲ, ನಾಲಿಗೆ ಚಾಚಿದ್ದಾನೆ, ಯಂಕೇಶನೂ ಹೀಗೇ ತೆರೆದಿದ್ದ, ಹಾಕು ಚಿಗವ್ವ, ಬಾಯಿ ತೆರೆದಿದ್ದಾನೆ, ಮುಷ್ಟಿ ಬಿಚ್ಚುತ್ತಿಲ್ಲ, ಬಾಯಿ ತೆರೆದೇ ಇದ್ದಾನೆ