ಗೂಬೆ ಕೂರಿಸುವ ದಿನ

ಬೆಣ್ಣೆ ಬಿಳಿಚಿಕೊಳ್ಳುತ್ತಿದೆ, ಹಳದಿ ಹೋಗಿ ದಂತದ ಬಣ್ಣ ಬಂತು, ಇನ್ನೊಂದು ಸುತ್ತು, ಇನ್ನೊಂದೇ ಸುತ್ತು, ಮಿಕ್ಸರಿನ ಸದ್ದಿನೊಳಗೆ ಇವತ್ತು ಒಂದು ಟಕಟಕ ಬೇರೆ ಸೇರಿಕೊಂಡಿದೆ, ಒಳಗೆ ಯಾವುದೋ ಹಲ್ಲು ಸವೆದಿರಬೇಕು, ರಿಪೇರಿಯವನಿಗೆ ಹೇಳಬೇಕು, ಆದರೆ ಸ್ವಿಚ್ಚಿನ ಹತ್ತಿರ ಹೋದ ಅವಳ ಕೈ ಅಲ್ಲೇ ನಿಂತಿತು, ಯಾಕೆಂದರೆ ಈ ಸದ್ದು ಗೊತ್ತು, ಕಣ್ಣು ಮುಚ್ಚಿದರೆ ಸಾಕು, ಬಿಸಿಯಾದ ಕಬ್ಬಿಣದ ವಾಸನೆ, ಕಡಿದಾದ ಮೆಟ್ಟಿಲು, ಬನಿಯನ್ನಿನಲ್ಲಿ ನಿಂತ ಅಪ್ಪ, ಟಾಕೀಸಿನ ಕ್ಯಾಬಿನ್ನಿನಲ್ಲಿ ಅಪ್ಪನ ಪ್ರೊಜೆಕ್ಟರ್ ಹೀಗೇ ಟಕಟಕ ಅನ್ನುತ್ತಿತ್ತು, ಅದರ ಪಕ್ಕ ಸ್ಟೂಲು ಹಾಕಿಕೊಂಡು, ಓಡಿ ಮುಗಿದ ರೀಲನ್ನು ಕೈಯಿಂದ ತಿರುಗಿಸಿ ಮೊದಲಿಗೆ ತರುವುದು ಅವಳ ಕೆಲಸ, ಅದಕ್ಕೇ ಅವಳಿಗೆ ರೀಲು ಅಂತ ಹೆಸರು ಬಿತ್ತು — ಶಾಲೆಯಲ್ಲಿ ಬಾಯಿ ಬಿಟ್ಟರೆ ರೀಲು ಬಿಡುತ್ತಾಳೆ ಎಂಬ ಕಾರಣವೂ ಇತ್ತೆನ್ನಿ — ತಲೆಯಲ್ಲಿ ಬಿಳಿಕೂದಲು ಬಂದರೂ, ಸ್ವಂತ ಕೇಕಿನಂಗಡಿ ಇಟ್ಟರೂ, ಅಪ್ಪನಿಗೆ ಅವಳು ರೀಲು, ಹೋದ ವಾರ ಫೋನಿನಲ್ಲೂ ಹಾಗೇ ಕರೆದರು, ರೀಲೂ, ಒಂದು ಕೇಕ್ ಬೇಕಿತ್ತಲ್ಲಮ್ಮ. ಮಾಡೋಣ ಬಿಡಿ, ಯಾರ ಹುಟ್ಟುಹಬ್ಬ? ಹುಟ್ಟುಹಬ್ಬ ಅಲ್ಲ, ಮದುವೆ. ಯಾರದಪ್ಪ? ಆ ಕಡೆ ಗಂಟಲು ಸರಿಮಾಡಿಕೊಂಡ ಸದ್ದು, ಒಮ್ಮೆ, ಮತ್ತೊಮ್ಮೆ, ಆಮೇಲೆ, ನಂದೇ ಕಣಮ್ಮ.

ನಂದೇ ಕಣಮ್ಮ. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ನಡೆಯುವ ಮನುಷ್ಯ, ಪಕ್ಕದ ಮನೆ ಹುಡುಗಿಯಿಂದ ಫೋನು ಒತ್ತಿಸಿಕೊಳ್ಳುವ ಮನುಷ್ಯ, ಮದುವೆ ಅನ್ನುವಾಗ ದನಿ ಮಾತ್ರ ಈಗಷ್ಟೇ ಮೀಸೆ ಬಂದವನದು, ಅವಳಿಗೆ ನಗು ಬಂದಿತ್ತು, ನಿಜವಾಗಿಯೂ ಬಂದಿತ್ತು, ಹುಡುಗಿ ಯಾರಪ್ಪಾ ಎಂದು ಕೇಳುವವರೆಗೆ. ನಿಂಗೆ ಗೊತ್ತಿರೋರೇ, ನಮ್ ಟಾಕೀಸಿನ ಟಿಕೆಟ್ಟಕ್ಕ. ನಗು ಬಾಯಲ್ಲೇ ಹಳಸಿತು. ಅಪ್ಪನಿಗೆ ಅದು ಕಾಣಲಿಲ್ಲ, ಫೋನಿನಲ್ಲಿ ಹೇಗೆ ಕಾಣುತ್ತದೆ, ಅವರು ತಮ್ಮ ಪಾಡಿಗೆ ಹೇಳುತ್ತಲೇ ಇದ್ದರು, ದೊಡ್ಡದೇನಲ್ಲಮ್ಮ, ಮಧ್ಯಾಹ್ನ ಆಫೀಸಿಗೆ ಹೋಗಿ ಸಹಿ ಹಾಕೋದು, ಸಂಜೆ ಮನೇಲಿ ಒಂದಿಷ್ಟು ಜನ ಟೀ ಕುಡಿಯೋದು, ಅಷ್ಟೆ, ಕೇಕ್ ಮಾತ್ರ ಗೂಬೆದೇ ಆಗ್ಬೇಕು, ಆ ಕಾಮಿಕ್ಸಿನ ತಾಮ್ರದ ಗೂಬೆ, ಅವಳಿಗೂ ಇಷ್ಟ, ನಿಂಗೂ ಇಷ್ಟ. ಕೇಕ್ ಮಾಡ್ಕೊಡ್ತೀನಪ್ಪ. ಬರ್ತೀಯ ತಾನೆ? ನೋಡ್ತೀನಿ, ಅಂಗಡಿ ಬಿಟ್ಟು ಬರೋದು ಕಷ್ಟ. ಎಂಥ ಕಷ್ಟ, ಬಾಗಿಲಿಗೆ ಬೀಗ ಹಾಕಿದರೆ ಮುಗಿಯಿತು, ಅದು ಅಪ್ಪನಿಗೂ ಗೊತ್ತು, ಸರಿ ಕಣಮ್ಮ ಎಂದು ಇಟ್ಟುಬಿಟ್ಟರು. ಮೊಟ್ಟೆ ಒಡೆ, ಒಂದೊಂದೇ ಹಾಕು, ಅವಸರ ಮಾಡಿದರೆ ಬೆಣ್ಣೆ ಮುನಿಸಿಕೊಂಡು ಒಡೆದುಕೊಳ್ಳುತ್ತದೆ — ಇದು ಅಮ್ಮನ ಮಾತು, ಬೆಣ್ಣೆಗೂ ಮುನಿಸು ಬರುತ್ತದೆ ಎಂದು ಹೇಳುತ್ತಿದ್ದ ಅಮ್ಮ, ಓವನ್ನು ಇಲ್ಲದ ಮನೆಯಲ್ಲಿ ದಪ್ಪ ಪಾತ್ರೆಗೆ ಮರಳು ಸುರಿದು, ಒಲೆಯ ಮೇಲಿಟ್ಟು, ಮುಚ್ಚಳದ ಅಂಚಿಗೆ ಮೂಗು ತಂದು, ಈಗ ಇಳಿಸಬಹುದು ಎಂದು ವಾಸನೆಯಲ್ಲೇ ಹೇಳುತ್ತಿದ್ದ ಅಮ್ಮ, ಕಿತ್ತಳೆ ಸಿಪ್ಪೆ ತುರಿದು ತುರಿದು ಉಗುರಿನ ಸಂದಿ ಹಳದಿಯಾಗಿರುತ್ತಿದ್ದ ಅಮ್ಮ.

ಅಮ್ಮನಿಗೆ ಸಿನಿಮಾ ಅಂದರೆ ಅಷ್ಟಕ್ಕಷ್ಟೆ, ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ, ರಾತ್ರಿ ಊಟಕ್ಕೆ ಕೂತರೆ ಅಪ್ಪ ಮಗಳದ್ದೇ ಕಚೇರಿ, ಆ ಫೈಟಿನಲ್ಲಿ ಹೀರೋ ಚಪ್ಪಲಿ ಮೊದಲು ಕಂದು ಆಮೇಲೆ ಕಪ್ಪು, ಆ ಕುದುರೆ ಹಿಂದಿನ ಸಿನಿಮಾದಲ್ಲೂ ಇತ್ತು, ಅಮ್ಮ ಮಾತ್ರ ಊಟ ಆರ್ತಾ ಇದೆ ಎನ್ನುತ್ತಿದ್ದಳು, ಇನ್ನೇನೂ ಅನ್ನುತ್ತಿರಲಿಲ್ಲ. ಹಾಗಾಗಿ ಸಿನಿಮಾ ಹುಚ್ಚು ಅಪ್ಪನ ಕಡೆಯಿಂದ, ಕೇಕು ಅಮ್ಮನ ಕಡೆಯಿಂದ, ಕಾಮಿಕ್ಸು ಟಿಕೆಟ್ಟಕ್ಕನಿಂದ, ಹೀಗೆ ಅವಳು ತನ್ನನ್ನೇ ಮೂರು ಭಾಗ ಮಾಡಿಟ್ಟುಕೊಂಡಿದ್ದಳು. ಟಿಕೆಟ್ ಕೊಡುವ ಗೂಡಿನಲ್ಲಿ ಕೂರುತ್ತಿದ್ದ ಆ ಹೆಂಗಸನ್ನು ಇಡೀ ಟಾಕೀಸೇ ಟಿಕೆಟ್ಟಕ್ಕ ಅನ್ನುತ್ತಿತ್ತು, ಚಿಲ್ಲರೆ ಡಬ್ಬದ ಕೆಳಗೆ ಅವರ ಕಾಮಿಕ್ಸ್ ರಾಶಿ, ಮೊದಲ ಬೆಲ್ಲಿಗೂ ಎರಡನೇ ಬೆಲ್ಲಿಗೂ ನಡುವೆ ಒಂದು ಪುಸ್ತಕ ಓದಿ ಮುಗಿಸಬೇಕು, ಪುಟದ ಕಿವಿ ಮಡಚಿದ್ರೆ ನಿನ್ನ ಕಿವಿ ಮಡಚ್ತೀನಿ ಮರಿ. ತಾಮ್ರದ ಗೂಬೆ! ಹಗಲೆಲ್ಲ ಗಡಿಯಾರ ರಿಪೇರಿ ಮಾಡುವ ಮುಂಗೋಪದ ಹೆಂಗಸು, ಕತ್ತಲಾದರೆ ಗಡಿಯಾರದ ಚಕ್ರಗಳಿಂದ ತಾನೇ ಮಾಡಿಕೊಂಡ ತಾಮ್ರದ ರೆಕ್ಕೆ ಕಟ್ಟಿಕೊಂಡು ಊರಿನ ಮೇಲೆ ಹಾರುತ್ತಿದ್ದಳು, ರೆಕ್ಕೆ ಆಗಾಗ ಕೆಟ್ಟು ಯಾರದೋ ಒಗೆದ ಬಟ್ಟೆಯ ಮೇಲೆ ಬೀಳುತ್ತಿದ್ದಳು, ಓದುತ್ತಿದ್ದ ಇವಳಿಗೆ ಅದೇ ಇಷ್ಟ, ಬೀಳುವ ಹೀರೋ ಬೇರೆ ಯಾವ ಪುಸ್ತಕದಲ್ಲೂ ಇರಲಿಲ್ಲ. ಈಗ ಅದನ್ನು ಹೊಸದಾಗಿ ಸಿನಿಮಾ ಮಾಡಿ ರೆಕ್ಕೆಗೆ ನೀಲಿ ಬಳಿದಿದ್ದಾರೆ, ಮೊನ್ನೆ ಒಬ್ಬರು ಬಂದು ಮಗನ ಹುಟ್ಟುಹಬ್ಬಕ್ಕೆ ನೀಲಿ ಗೂಬೆ ಬೇಕು ಎಂದರು, ತಾಮ್ರ ನೀಲಿ ಇರುತ್ತೇನ್ರೀ ಎಂದು ಜಗಳಕ್ಕೇ ನಿಂತಳು, ಸಿನಿಮಾದಲ್ಲಿ ಹಾಗೇ ಇದೆಯಲ್ಲಮ್ಮ, ಸಿನಿಮಾದವರಿಗೆ ತಲೆ ಕೆಟ್ಟಿದ್ರೆ ನನ್ನ ಕೇಕ್ ಯಾಕ್ರೀ ಕೆಡ್ಬೇಕು, ಅವರು ಪಕ್ಕದ ಬೀದಿಯ ಬೇಕರಿಗೆ ಹೋದರು, ಹೋಗಲಿ. ಕೋಕೋ ಪುಡಿಗೆ ಕೇಸರಿ ಬಣ್ಣ ಒಂದು ಹನಿ, ಮತ್ತೊಂದು ಅರ್ಧ ಹನಿ, ಹಾಂ, ಇದು ತಾಮ್ರ.

ಕೇಕಿನ ಮೇಲೆ ಗೂಬೆ ಕೂರಿಸಬೇಕು ಇವತ್ತು, ಅಂದುಕೊಂಡಾಗ ಅವಳಿಗೇ ಕಸಿವಿಸಿ, ಟಿಕೆಟ್ಟಕ್ಕನ ಮೇಲೆ ಅವಳು ಗೂಬೆ ಕೂರಿಸಿ ಎಷ್ಟೋ ವರ್ಷವಾಗಿದೆಯಲ್ಲ, ಬಾಯಿ ಬಿಟ್ಟು ಹೇಳಿಲ್ಲ, ಯಾರಿಗೂ ಹೇಳಿಲ್ಲ, ಒಳಗೇ ಕೂರಿಸಿದ್ದು — ಆ ಹಸಿರು ಸ್ವೆಟರ್, ಅಮ್ಮ ಹೆಣೆದದ್ದು, ತೋಳಿನ ಹತ್ತಿರ ಉಣ್ಣೆ ಸಾಲದೆ ಬೇರೆ ಹಸಿರು ಸೇರಿಸಿದ್ದು, ಅಂಥದ್ದು ಲೋಕದಲ್ಲಿ ಇನ್ನೊಂದು ಇರಲು ಸಾಧ್ಯವಿಲ್ಲ, ಶಾಲೆ ಬೇಗ ಬಿಟ್ಟ ಒಂದು ದಿನ ಟಾಕೀಸಿಗೆ ಓಡಿ ಬಂದರೆ ಟಿಕೆಟ್ ಗೂಡಿನೊಳಗೆ ಟಿಕೆಟ್ಟಕ್ಕ ಅದನ್ನು ಹಾಕಿಕೊಂಡು ಕೂತಿದ್ದಾರೆ. ಅಮ್ಮನ ಸ್ವೆಟರ್ ಇವರಿಗೆ ಕೊಟ್ಟವರು ಯಾರು? ಆ ಮನೆಗೂ ಈ ಟಾಕೀಸಿಗೂ ದಿನಾ ಓಡಾಡುವವರು ಅವಳನ್ನು ಬಿಟ್ಟರೆ ಅಪ್ಪ ಒಬ್ಬರೇ. ಅವಳು ಕೇಳಲಿಲ್ಲ, ಕೇಳಿದರೆ ಏನೋ ಒಡೆಯುತ್ತದೆ ಅನ್ನಿಸಿತು, ಆ ದಿನದಿಂದ ಟಿಕೆಟ್ ಗೂಡಿನ ಕಡೆ ಹೋಗುವುದನ್ನೇ ಬಿಟ್ಟಳು, ದೊಡ್ಡವಳಾದಳು ಬಿಡು ಅಂದುಕೊಂಡರು ಎಲ್ಲರೂ. ಆಮೇಲೆ ಟಾಕೀಸು ಮುಚ್ಚಿ ಅಲ್ಲೊಂದು ಸೋಫಾ ಅಂಗಡಿ ಬಂತು, ಅಮ್ಮನಿಗೆ ಕಾಯಿಲೆ ಬಂತು, ಆಸ್ಪತ್ರೆಯಲ್ಲಿ ಟಿಕೆಟ್ಟಕ್ಕ ಹಗಲೆಲ್ಲ ಮಂಚದ ಪಕ್ಕ ಕೂತಿರುತ್ತಿದ್ದರು, ನಾಟಕ, ಎಂದುಕೊಂಡಿದ್ದಳು ಅವಳು, ಅಮ್ಮ ಹೋದಳು. ಓವನ್ ಬಿಸಿಯಾಯಿತು, ತಟ್ಟೆ ಒಳಗಿಟ್ಟು ಬಾಗಿಲು ಮುಚ್ಚುವಾಗ ಅಂಗಡಿಯ ಗಂಟೆ ಕಿಣಿಕಿಣಿ ಎಂದಿತು, ಇನ್ನೂ ತೆರೆದಿಲ್ಲ ಎಂದು ಕೂಗಿದಳು, ಗೊತ್ತು ಮರಿ, ನಾನೇ, ಎಂದಿತು ಹೊರಗಿನ ದನಿ.

ಮದುವೆ ದಿನ ಬೆಳಿಗ್ಗೆ ಮದುಮಗಳು ಸವೆದ ಚಪ್ಪಲಿ ಹಾಕಿಕೊಂಡು, ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು, ಕೈಯಲ್ಲೊಂದು ಬಟ್ಟೆಯ ಚೀಲ ಹಿಡಿದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾರೆ, ಎಷ್ಟು ಸಣ್ಣಗಾಗಿದ್ದಾರೆ, ಗೂಡಿನೊಳಗೆ ಅಷ್ಟು ಎತ್ತರ ಕಾಣುತ್ತಿದ್ದವರು — ಕೂರಿ ಅನ್ನಬೇಕು, ಬಾಯಿಗೆ ಬಂದದ್ದು ಮಾತ್ರ, ಕೇಕ್ ಇನ್ನೂ ಆಗಿಲ್ಲ. ಕೇಕಿಗೆ ಬಂದಿದ್ದಲ್ಲ, ಒಂದು ಮಾತು ಕೇಳೋಣ ಅಂತ ಬಂದೆ. ಚೀಲದೊಳಗೆ ಕೈ ಹಾಕಿದರು, ಹೊರಗೆ ಬಂದದ್ದು ಹಸಿರು, ತೋಳಿನಲ್ಲಿ ಬೇರೆ ಹಸಿರು, ಮೊಣಕೈ ಹತ್ತಿರ ಹೊಲಿದ ಗುರುತು. ಇದು ನಿಮ್ಮಮ್ಮಂದು, ಇದನ್ನ ಹಾಕ್ಕೊಂಡು ಆ ಮನೆಗೆ ಹೋಗ್ಬೇಕು ಅಂತ ನಂಗೆ ಆಸೆ, ನಿಂಗೆ ಬೇಜಾರಾದ್ರೆ ಇಲ್ಲೇ ಬಿಟ್ಟು ಹೋಗ್ತೀನಿ. ಅವಳ ಕೈಯೆಲ್ಲ ಹಿಟ್ಟು, ಇದನ್ನ ನಿಮ್ಗೆ ಯಾರು ಕೊಟ್ರು? ಕೇಳಿಯೇಬಿಟ್ಟಳು. ಟಿಕೆಟ್ಟಕ್ಕ ಅವಳನ್ನೇ ನೋಡಿದರು, ಇನ್ಯಾರು ಕೊಡ್ತಾರೆ, ಅವಳೇ, ಫ್ಯಾನ್ ಗಾಳೀಲಿ ನಾನು ಸೀನ್ತಾ ಕೂತಿದ್ದೆ, ತೆಗೆದು ಹಾಕಿದ್ಲು, ಸಿನಿಮಾ ನೋಡೋಕೆ ಬಿಡೆ, ನಿನ್ನ ಸೀನೇ ಜಾಸ್ತಿ ಆಯ್ತು ಅಂದ್ಲು.

ಯಾವ ಸಿನಿಮಾ? ಅಮ್ಮ ಸಿನಿಮಾಗೆ ಬರ್ತಾನೇ ಇರ್ಲಿಲ್ವಲ್ಲ. ಯಾರು ಹೇಳಿದ್ದು? ಬುಧವಾರ ಮ್ಯಾಟಿನಿ ತಪ್ಪಿಸ್ದೋಳೇ ಅಲ್ಲ, ನೀನು ಶಾಲೇಲಿರ್ತಿದ್ದೆ, ಟಿಕೆಟ್ ತಗೊಂಡೇ ಒಳಗೆ ಬರ್ತಿದ್ಲು, ಆಪರೇಟರ್ ಹೆಂಡ್ತಿ ಪುಕ್ಕಟೆ ನೋಡಿದ್ಲು ಅನ್ನಿಸ್ಕೊಳ್ಳಲ್ಲ ಅಂತ, ನಾನು ಗೂಡು ಮುಚ್ಚಿ ಬಂದು ಪಕ್ಕದಲ್ಲಿ ಕೂರ್ತಿದ್ದೆ, ಕೊನೇ ಸಾಲು, ಇಬ್ರಿಗೂ ಸೇರಿ ಒಂದು ಡಬ್ಬಿ ಕೇಕು, ಅಯ್ಯೋ ಅವಳ ಅಳು ನೋಡ್ಬೇಕಿತ್ತು ನೀನು, ಹೀರೋ ಸತ್ರೆ ಏನೂ ಇಲ್ಲ, ವಿಲನ್ ಸತ್ರೆ ಗೊಳೋ ಅಂತ, ಪಾಪ ಅವನಿಗೂ ಯಾರಾದ್ರೂ ಕಾಯ್ತಿರ್ತಾರೆ ಕಣೆ ಅಂತ. ಹೇಳುತ್ತ ಹೇಳುತ್ತ ಸಕ್ಕರೆ ಮೂಟೆಯ ಮೇಲೇ ಕೂತುಬಿಟ್ಟರು ಟಿಕೆಟ್ಟಕ್ಕ, ಅವಳಿಗೆ ಕೂರಲು ಏನೂ ಇಲ್ಲ, ಅಮ್ಮ ಅಳುತ್ತಾಳೆ, ಅಮ್ಮ ಯಾರಿಗೋ ಬಿಡೆ ಎನ್ನುತ್ತಾಳೆ, ಕಣೆ ಎನ್ನುತ್ತಾಳೆ, ಈ ಅಮ್ಮ ಯಾರು, ಮತ್ತೆ ಕಾಮಿಕ್ಸು? ಎಂದಳು, ಅದನ್ನು ಯಾಕೆ ಕೇಳಿದಳೋ, ನನ್ ಸಂಬಳದಲ್ಲಿ ಅಷ್ಟು ಕಾಮಿಕ್ಸ್ ಬರ್ತಿತ್ತಾ ಮರಿ, ಇಬ್ರೂ ಸೇರಿ ತರಿಸ್ತಿದ್ವಿ, ಮೊದ್ಲು ಅವಳು ಓದ್ಬೇಕು, ಆಮೇಲೆ ನಾನು, ಆಮೇಲೆ ನಿನಗೆ. ಹಾಗಾದರೆ ಆ ಪುಟಗಳ ಅಂಚಿನ ಹಳದಿ ಕಲೆ, ಅವಳು ಈಗಲೂ ಜೋಪಾನವಾಗಿಟ್ಟಿರುವ ಆ ನಾಲ್ಕು ಪುಸ್ತಕಗಳಲ್ಲಿ, ಮೂಗಿಗೆ ಹಿಡಿದರೆ ಇನ್ನೂ ಕಿತ್ತಳೆ — ಹಳೇ ಕಾಗದದ ವಾಸನೆ ಅಂದುಕೊಂಡಿದ್ದಳು. ಯಾಕೆ ಹೇಳ್ಲಿಲ್ಲ ನಮಗೆ? ಟಿಕೆಟ್ಟಕ್ಕ ಸ್ವೆಟರಿನ ತೋಳು ನೀವಿದರು, ನೀವಿಬ್ರು ಶುರು ಮಾಡಿದ್ರೆ ಇನ್ನೊಬ್ರಿಗೆ ಬಾಯಿ ಹಾಕೋಕೆ ಜಾಗ ಎಲ್ಲಿತ್ತು? ಅವರದ್ದು ಅವರಿಗಿರ್ಲಿ, ಇದೊಂದು ನಂದು ಅಂತಿದ್ಲು, ನಿಮ್ಮಪ್ಪಂಗೆ ಗೊತ್ತಿತ್ತು, ಅವಳು ಕೂತದ್ದು ಮೇಲಿಂದ ನೋಡಿದ ಮೇಲೇ ಅವರು ಸಿನಿಮಾ ಬಿಡ್ತಿದ್ದದ್ದು, ಆದ್ರೆ ಅವರಿಗೆ ಗೊತ್ತು ಅನ್ನೋದು ಇವಳಿಗೆ ಗೊತ್ತಿರ್ಲಿಲ್ಲ, ಆ ಮನುಷ್ಯ ಒಂದು ದಿನಾನೂ ಬಾಯಿ ಬಿಡ್ಲಿಲ್ಲ, ಅದಕ್ಕೇ ನೋಡು ನಂಗೆ... ಎಂದವರ ಕೆನ್ನೆ ಕೆಂಪಾಯಿತು, ಈ ವಯಸ್ಸಿನಲ್ಲಿ ಇಷ್ಟು ಕೆಂಪಾಗುತ್ತದೆಯೇ, ಆಮೇಲೆ ನಕ್ಕರು, ಆ ದಿನ ನೆನಪಿಲ್ವಾ ನಿನಗೆ, ರೀಲು ಕಿತ್ತು ಹೋಯ್ತಲ್ಲ, ನಿಂಗೆ ಜ್ವರ ಅಂತ ಶಾಲೆಗೆ ಕಳಿಸಿರ್ಲಿಲ್ಲ, ಅಪ್ಪನ ಜೊತೆ ಮೇಲಿದ್ದೆ.

ಜ್ವರ, ಹೌದು, ಕ್ಯಾಬಿನ್ನಿನ ನೆಲದ ಮೇಲೆ ಚಾಪೆ, ಫಟ್ ಎಂದು ರೀಲು ಕಿತ್ತದ್ದು, ಎದ್ದು ಕಿಂಡಿಯಲ್ಲಿ ಇಣುಕಿದರೆ ಪರದೆಯೆಲ್ಲ ಖಾಲಿ ಬೆಳಕು, ಆ ಬೆಳಕಿನಲ್ಲಿ ದಿಢೀರನೆ ಒಂದು ನೆರಳು ಎದ್ದಿತು, ಹೆಂಗಸಿನ ನೆರಳು, ಇಡೀ ಪರದೆಯಷ್ಟು, ಕೊನೆಯ ಸಾಲಿನಲ್ಲಿ ಯಾರೋ ಬೆಳಕಿಗೆ ಅಡ್ಡ ಎದ್ದು ನಿಂತಿದ್ದರು, ಜನ ಶಿಳ್ಳೆ ಹೊಡೆದರು, ಕೂತ್ಕೊಳ್ಳೀ, ಯಾರದು, ಕೂತ್ಕೊಳ್ಳಮ್ಮಾ, ಅವಳೂ ಕಿಂಡಿಗೆ ಬಾಯಿಟ್ಟು ಕೂಗಿದ್ದಳು, ಕೂತ್ಕೊಳ್ಳೀ, ಅಪ್ಪ ರೀಲು ಅಂಟಿಸುವುದು ಬಿಟ್ಟು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಕಣ್ಣಲ್ಲಿ ನೀರು, ಯಾಕಪ್ಪಾ ಎಂದರೆ ಏನಿಲ್ಲ ಬಿಡಮ್ಮ, ಏನಿಲ್ಲ ಬಿಡು. ಸ್ವೆಟರ್ ಹಾಕ್ಕೊಂಡೇ ಬನ್ನಿ, ಎಂದಳು ಅವಳು, ದನಿ ಎಲ್ಲಿಂದ ಬಂತೋ, ಸಂಜೆ ಕೇಕ್ ನಾನೇ ತರ್ತೀನಿ, ಕತ್ತರಿಸೋದೂ ನಾನೇ, ನಿಮಗೆ ಬರಲ್ಲ. ಟಿಕೆಟ್ಟಕ್ಕ ಎದ್ದರು, ಹಿಟ್ಟಿನ ಕೈಯನ್ನೇ ಹಿಡಿದು ಹಣೆಗೆ ಒತ್ತಿಕೊಂಡರು, ಮರಿ ಎಂದರು, ಹೋದರು, ಗಂಟೆ ಕಿಣಿಕಿಣಿ ಎಂದಿತು, ಕೇಕು ಉಬ್ಬುತ್ತಿದೆ, ವಾಸನೆ ತುಂಬುತ್ತಿದೆ, ಇವತ್ತಿನಿಂದ ಅವರನ್ನು ಏನಂತ ಕರೆಯುವುದು, ಅಕ್ಕ ಅಂದರೆ ಅಪ್ಪ ಭಾವನಾಗುತ್ತಾರೆ, ಚಿಕ್ಕಮ್ಮ, ಚಿಕ್ಕಮ್ಮ ಅನ್ನಬಹುದು, ಅಮ್ಮನಿಗೆ ತಂಗಿಯ ಹಾಗೇ ತಾನೆ ಇದ್ದದ್ದು, ತಾಮ್ರದ ಬಣ್ಣ ಕಲಸಿಟ್ಟಿದೆ, ರೆಕ್ಕೆ ಎಲ್ಲಿಂದ ಶುರು ಮಾಡಲಿ, ಕೊನೆಯ ಸಾಲಿನಲ್ಲಿ ಒಬ್ಬಳು ಎದ್ದು ನಿಂತಿದ್ದಾಳೆ, ಗೂಬೆಗೆ ಕಣ್ಣು ದೊಡ್ಡದಿರಬೇಕು, ನಿಂತಿದ್ದಾಳೆ, ಜನ ಕೂಗುತ್ತಿದ್ದಾರೆ, ಅವಳು ಕೂರುತ್ತಿಲ್ಲ, ಪರದೆಯ ತುಂಬ ಅವಳ ತುರುಬು, ಒಂದು ಕೈಯಲ್ಲಿ ಡಬ್ಬಿ, ಇನ್ನೊಂದು ಕೈ ಬೆಳಕಿಗೆ ಅಡ್ಡ ಹಿಡಿದು ಹಿಂದೆ ತಿರುಗಿ ಮೇಲೆ ಕಿಂಡಿಯ ಕಡೆ ನೋಡುತ್ತಿದ್ದಾಳೆ, ಅಮ್ಮ, ಅಷ್ಟು ದೊಡ್ಡ ಬಿಳಿ ಪರದೆ, ತುರುಬು, ಡಬ್ಬಿ, ಎತ್ತಿದ ಕೈ