ಹೆಣ ದಂಡೆಗೆ ಬರಲಿಲ್ಲ

ಏಳು ಭಾನುವಾರ, ಅಷ್ಟೇ. ಎಂಟನೆಯದಕ್ಕೆ ಕಿತ್ತು ಒಗೆದರು. ಆದರೆ ಆ ಏಳು ವಾರ ಕೆಂಭಾವಿ ಆಚೆಗಿನ ಆ ಕಾಲುವೆ ದಂಡೆಯ ಹಳ್ಳಿಯಲ್ಲಿ ‘ಮುಂದಿನೂರಿಗೆ’ ಧಾರಾವಾಹಿಯ ಬಗ್ಗೆ ಬಾಯಿ ಬಿಡದವರು ಯಾರಿದ್ದರು ಹೇಳಿ! ಒಬ್ಬ ಗೌಡ ಕುಡಿದು ಕಾಲುವೆಗೆ ಬಿದ್ದು ಸಾಯುತ್ತಾನೆ. ಹೆಣ ತೇಲಿಕೊಂಡು ಒಂದೂರಿಗೆ ಬರುತ್ತದೆ. ಎತ್ತಿದರೆ ಪೊಲೀಸರು, ಪಂಚನಾಮೆ, ಸಾಕ್ಷಿ, ಕೋರ್ಟು ಎಂದು ಹೆದರಿ ಊರಿನವರು ಬಿದಿರ ಗಳ ಹಾಕಿ ಅದನ್ನು ಮುಂದಿನೂರಿಗೆ ದೂಡುತ್ತಾರೆ. ಮುಂದಿನ ವಾರ ಮತ್ತೊಂದು ಊರು. ಹೆಣವಾದರೂ ಸುಮ್ಮನಿರುತ್ತದೆಯೇ? ಒಂದು ಕಣ್ಣು ತೆರೆದು, “ಈ ಊರಾಗೂ ಒಂದು ಕಪ್ ಚಾ ಕುಡೀತಿ ಏನು ಅಂತ ಕೇಳಲಿಲ್ಲಲ್ರೋ” ಎಂದು ಗೊಣಗುತ್ತದೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಟಿವಿ ಇದ್ದದ್ದು ಖುರ್ಷೀದಬೇಗಂ ಟೀಚರ ಮನೆಯಲ್ಲಿ. ಪಡಸಾಲೆ ತುಂಬಿ ಅಂಗಳದವರೆಗೂ ಜನ. ಕೊನೆಯಲ್ಲಿ ‘ನಿಮ್ಮ ಅಭಿಪ್ರಾಯ ಬರೆದು ಕಳಿಸಿ’ ಎಂದು ವಿಳಾಸ ಬರುತ್ತಿತ್ತು. ಆ ಊರಿನವರಿಗೆ ಅಭಿಪ್ರಾಯಕ್ಕೇನು ಬರವೇ? ಟೀಚರು ಪೋಸ್ಟ್ ಕಾರ್ಡು ಹಿಡಿದು ಕೂತರೆ ಸಾಕು, ನಾ ಮುಂದು ತಾ ಮುಂದು.

“ಬರೀರಿ ಅಕ್ಕೋರ,” ಎನ್ನುತ್ತಿದ್ದಳು ಬಟ್ಟೆ ಹೊಲಿಯುವ ಸುಂದ್ರಮ್ಮ. “ಮೂರು ದಿನ ನೀರಾಗ ಬಿದ್ದ ಹೆಣದ ಧೋತರ ಅಷ್ಟು ಬೆಳ್ಳಗ ಹೆಂಗ ಇರ್ತೈತಿ? ಯಾವ ಸಬಕಾರ ಹಚ್ಚಿ ತೊಳದಾರ ಅಂತ ಕೇಳ್ರಿ.”

“ಸತ್ತಾಂವ ಮಾತಾಡಬಾರದು. ಅದು ಅಪಶಕುನ,” ಎಂದ ಮುದುಕ ಮರಿಲಿಂಗಪ್ಪ.

“ಬದುಕಿದ್ದಾಗ ನೀವೆಲ್ಲಾ ಎಲ್ಲಿ ಮಾತಾಡಗೊಡ್ತೀರಿ? ಸತ್ತ ಮ್ಯಾಲರ ಮಾತಾಡ್ಲಿ ಬಿಡು,” ಎಂದು ಅವನ ಹೆಂಡತಿ ಸಾಯಬಮ್ಮ ಅಂದದ್ದೇ, ಮತ್ತೊಂದು ನಗೆ.

ನಗದವನು ಒಬ್ಬನೇ, ಅಯ್ಯಣ್ಣ. ಕೃಷ್ಣೆಯ ದಂಡೆಯಲ್ಲಿ ಮೀನು ಹಿಡಿಯುತ್ತಿದ್ದ ಮನೆಯವನು. ಕಾಲುವೆ ಬಂದ ಮೇಲೆ ಊರ ಹತ್ತಿರದ ಗೇಟು ಕಾಯುವ ಕೆಲಸ ಹಿಡಿದಿದ್ದ. ಗೇಟಿಗೆ ಜೊಂಡು, ಕಸ ಬಂದು ಸಿಕ್ಕಿಕೊಂಡರೆ ಉದ್ದನೆಯ ಗಳದಿಂದ ದೂಡುವುದು ಅವನ ದಿನದ ಪಾಡು.

“ಈ ಆಟ ನಿಲ್ಲಿಸ್ರಿ ಅಂತ ಬರೀರಿ ಅಕ್ಕೋರ,” ಎಂದ ಅವನು ಮೂರನೆಯ ವಾರ. “ಸಾವು ಅಂದ್ರ ಚಾಷ್ಟೀನ?”

“ಸತ್ತವರ ಮನಿಯಾಗ ಕುಂತೂ ನಗಸಾಂವ ನೀನು! ನಿನಗೇನಾತೋ ಧಾಡಿ?” ಎಂದಳು ಸಾಯಬಮ್ಮ.

ಆಗಿದ್ದು ಇಷ್ಟೇ: ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಿದ್ದ.

ಐದು ವರ್ಷದ ಹಿಂದೆ ಅಯ್ಯಣ್ಣ ಯಾರೋ ಹೆಣ್ಣುಮಗಳ ಹೆಣವನ್ನು ಕಾಲುವೆಯಿಂದ ಎತ್ತಿದ್ದ. ಪುಣ್ಯದ ಕೆಲಸ ಎಂದುಕೊಂಡಿದ್ದ, ಪಾಪ. ಆ ಪುಣ್ಯಕ್ಕೆ ಕೂಲಿ ಬಿಟ್ಟು ಹನ್ನೊಂದು ಸಲ ಸುರಪುರದ ಪೊಲೀಸ್ ಠಾಣೆಗೆ ಅಲೆದ. ‘ಕಿವಿಯ ಬೆಂಡೋಲಿ ಎಲ್ಲಿ ಬಿಚ್ಚಿಟ್ಟೆಯೋ’ ಎಂದು ಕಪಾಳಕ್ಕೆ ಹೊಡೆಸಿಕೊಂಡು ಬಂದ. ಅಂದೇ ಊರವರು ಕಟ್ಟೆಯ ಮೇಲೆ ಕೂತು ಮಾತು ಮುಗಿಸಿದರು: ಇನ್ನು ಮುಂದೆ ಹೆಣ ಬಂದರೆ ಮುಂದಿನೂರಿಗೆ. ಕಾಲುವೆ ದಂಡೆಯ ಇಪ್ಪತ್ತೆರಡನೆಯ ಕಿಲೋಮೀಟರ್ ಕಲ್ಲು ದಾಟಿಸಿದರೆ ನಮ್ಮ ಸೀಮೆ ಮುಗಿಯಿತು. ಹಾಗೆ ಎರಡು ಹೋದವು. ಮೂರನೆಯದು ಬಂದದ್ದು ಮರುವರ್ಷ, ಒಂದು ಮುಂಜಾನೆ, ಜೊಂಡು ಹೊದ್ದುಕೊಂಡು, ಹೊಟ್ಟೆ ಕೆಳಗಾಗಿ. ಅಯ್ಯಣ್ಣ ಮುಖ ನೋಡುವ ಗೋಜಿಗೆ ಹೋಗದೆ ಗಳ ಹಾಕಿ ದೂಡಿದ. ಗೇಟು ದಾಟುವಾಗ ನೀರಿನ ಹೊಡೆತಕ್ಕೆ ಜೊಂಡು ಕಳಚಿ ಬೆನ್ನು ಕಂಡಿತು. ಅಂಗಿಯ ಬೆನ್ನಿಗೆ ಒಂದು ತೇಪೆ. ಹಸಿರು ಸೀರೆಯ ಸೆರಗಿನದು.

ಆ ಸೀರೆ ಅವನಿಗೆ ಗೊತ್ತು, ಊರಿಗೇ ಗೊತ್ತು. ಪಕ್ಕದ ಓಣಿಯ ದೇವಕಮ್ಮನದು. ಹಿಂದಿನ ದಿನ ಶಹಾಪುರಕ್ಕೆ ಹೋಗಿಬರುತ್ತೇನೆಂದು ಹೊರಟ ಅವಳ ಗಂಡ ಚಂದ್ರಾಮಪ್ಪ ಮನೆಗೆ ಬಂದಿರಲಿಲ್ಲ. ಕಾಲುವೆಯ ಏರಿ ಹಿಡಿದು ಬರುತ್ತಿದ್ದನೋ, ಕಾಲು ಜಾರಿತೋ, ಆ ದೇವರೇ ಬಲ್ಲ. ಅಯ್ಯಣ್ಣ ಓಡಬಹುದಿತ್ತು. ದಂಡೆಗುಂಟ ಒಂದು ಫರ್ಲಾಂಗು ಓಡಿದ್ದರೆ ಸಿಗುತ್ತಿತ್ತು, ಈಜು ಬಾರದವನೇನಲ್ಲ. ಕೆನ್ನೆಯ ಮೇಲಿನ ಆ ಏಟು ನೆನಪಾಯಿತು. ನಿಂತ. ನಿಂತೇ ಇದ್ದ.

ಊರ ಬಾಯಿಗೆ ಮುಚ್ಚಳ ಉಂಟೇ? ಚಂದ್ರಾಮಪ್ಪ ಯಾವಳನ್ನೋ ಕಟ್ಟಿಕೊಂಡು ಗುರುಮಠಕಲ್ ಬಸ್ಸು ಹತ್ತಿದ, ಅಲ್ಲಿ ತೆಲುಗು ಮಾತಾಡಿಕೊಂಡು ಸುಖವಾಗಿದ್ದಾನೆ ಎಂದು ಹಬ್ಬಿಸಿದರು. ಥೂ ಇವನ ಜನ್ಮಕ್ಕಿಷ್ಟು, ಅಯ್ಯಣ್ಣನೂ ಆ ಮಾತಿಗೆ ಹ್ಞೂಂಗುಟ್ಟಿದ. ದೇವಕಮ್ಮ ನಾಲ್ಕು ವರ್ಷದಿಂದ ಅತ್ತ ಮುತ್ತೈದೆಯೂ ಅಲ್ಲ, ಇತ್ತ ವಿಧವೆಯೂ ಅಲ್ಲ. ಕುಂಕುಮ ಹಚ್ಚಿದರೆ ಹಂಗಿಸುತ್ತಾರೆ, ಅಳಿಸಿದರೆ ಇನ್ನೂ ಹಂಗಿಸುತ್ತಾರೆ. ಮಹಾಲಯ ಅಮಾವಾಸ್ಯೆಗೆ ಎಲ್ಲರ ಮನೆಯಲ್ಲೂ ಸತ್ತ ಹಿರಿಯರಿಗೆ ಎಡೆ ಇಟ್ಟರೆ ಅವಳ ಮನೆಯಲ್ಲಿ ಗಂಡನಿಗೆ ಎಡೆ ಇಲ್ಲ. ಬದುಕಿದ್ದವನಿಗೆ ಎಡೆ ಇಟ್ಟರೆ ಕೇಡಲ್ಲವೇ?

ಐದನೆಯ ವಾರ ಅಭಿಪ್ರಾಯ ಬರೆಸುವ ಹೊತ್ತಿಗೆ ಮೂಲೆಯಲ್ಲಿದ್ದ ದೇವಕಮ್ಮ ಎದ್ದು ಮುಂದೆ ಬಂದಳು.

“ನಂದೂ ಒಂದು ಬರೀರಿ ಅಕ್ಕೋರ. ಈ ಆಟ ನಿಲ್ಲಿಸಬ್ಯಾಡ್ರಿ. ಆ ಹೆಣಾ ಯಾವ ಊರಾಗ ದಂಡಿಗೆ ತಗೀತಾರ, ಯಾರು ಮಣ್ಣು ಕೊಡ್ತಾರ, ಅಷ್ಟು ನೋಡಬೇಕು ನಾನು. ಅದಾದ ಮ್ಯಾಲ ಬೇಕಾದ್ರ ನಿಲ್ಲಿಸ್ರಿ.”

ಟೀಚರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡು ಬರೆದರು. ಅಯ್ಯಣ್ಣನಿಗೆ ಅಲ್ಲಿ ಕೂರಲಾಗಲಿಲ್ಲ. ಈ ಹೆಣ ದಂಡೆಗೆ ಬಂದರೆ ಅವಳು ಏನೇನು ಕೇಳುತ್ತಾಳೋ, ಯಾರ ಮುಖ ನೋಡುತ್ತಾಳೋ ಎಂದುಕೊಳ್ಳುತ್ತಾ ಎದ್ದು ಹೊರಬಂದ. ಮರುದಿನ ಕೆಂಭಾವಿ ಸಂತೆಗೆ ಹೋಗಿ ಹದಿಮೂರು ಕಾರ್ಡು ಕೊಂಡ. ಅರ್ಜಿ ಬರೆಯುವವನ ಮುಂದೆ ಕೂತು, ಹದಿಮೂರು ಸುಳ್ಳು ಹೆಸರು ಹೇಳಿ, ಸಾವಿಗೆ ಅಪಮಾನ, ಕೂಡಲೇ ನಿಲ್ಲಿಸಿ ಎಂದು ಬರೆಸಿ ಡಬ್ಬಿಗೆ ಹಾಕಿದ.

ಎಂಟನೆಯ ಭಾನುವಾರ ಜನ ಸೇರಿ ಕೂತಿದ್ದರೆ, ‘ವೀಕ್ಷಕರ ಅಭಿಪ್ರಾಯಕ್ಕೆ ಮನ್ನಣೆ ಕೊಟ್ಟು’ ಎಂದು ಒಂದು ಸಾಲು ಬಂದು, ಹಾಡು ಕುಣಿತ ಶುರುವಾಯಿತು. ಊರವರು ಟಿವಿಯವರ ವಂಶವನ್ನೇ ಜಾಲಾಡಿದರು. ದೇವಕಮ್ಮ ಎದ್ದು ಹೋದಳು.

ಸೋಮವಾರ ಮುಂಜಾನೆ ಕಳೆ ತೆಗೆಯಲು ಹೊರಟವಳು ಗೇಟಿನ ಹತ್ತಿರ ನಿಂತಳು. ಅಯ್ಯಣ್ಣ ಜೊಂಡು ದೂಡುತ್ತಿದ್ದ.

“ಅಣ್ಣಾ, ನಿಂತೇ ಹೋತಲ್ಲೋ ಅದು.”

“ಹ್ಞೂಂ ತಂಗಿ.”

“ನಾನು ಕಾರ್ಡು ಹಾಕಿಸಿದ್ದೆ. ಬರೀ ಒಂದು. ಸಾಲಲಿಲ್ಲ ಕಾಣ್ತೈತಿ.”

ಅಯ್ಯಣ್ಣ ಜೊಂಡಿಗೆ ಮತ್ತೊಮ್ಮೆ ಗಳ ಹಾಕಿದ.

“ನೀನು ನೀರಿನ ಮಂದಿ. ನೀನರ ಹೇಳು. ಎಂಟನೇ ವಾರ ಏನಾಗ್ತಿತ್ತು? ಯಾರರ ಅದನ್ನ ತಗೀತಿದ್ರೇನು?”

ಸುಳ್ಳು ನಾಲಗೆಯ ತುದಿಯಲ್ಲೇ ಇತ್ತು. ಒಳ್ಳೆಯವರು ಎತ್ತಿದರು, ಕಾಯಿ ಒಡೆದು ಮಣ್ಣು ಕೊಟ್ಟರು ಎಂದು ಹೇಳಿಬಿಟ್ಟರೆ ಮುಗಿಯಿತು. ಆದರೆ ಆ ‘ಬರೀ ಒಂದು’ ಎನ್ನುವ ಮಾತು ಅವನನ್ನು ಬಿಡಲಿಲ್ಲ.

“ಎಂಟನೇ ವಾರ ಅದು ಈ ಗೇಟಿಗೆ ಬರ್ತಿತ್ತವ್ವಾ,” ಎಂದ. “ಬೋರಲಾಗಿ, ಜೊಂಡು ಹೊತ್ಕೊಂಡು. ಗೇಟು ಕಾಯಾಂವ ಮಾರಿ ನೋಡಲಿಲ್ಲ. ಗಳ ಹಾಕಿ ದೂಡಿದ. ದಾಟಿದ ಮ್ಯಾಲ ಬೆನ್ನು ಕಾಣಸ್ತು. ಅಂಗಿ ಮ್ಯಾಲ ಒಂದು ತ್ಯಾಪಿ... ಹಸರ ಸೆರಗಿಂದು.”

ಧಾರಾವಾಹಿಯ ಹೆಣಕ್ಕೆ ಬೆಳ್ಳನೆಯ ಧೋತರವಿತ್ತು. ಅದು ಊರಿಗೆಲ್ಲ ಗೊತ್ತಿತ್ತು.

“ಯಾವತ್ತು?”

“ಶಹಾಪುರಕ್ಕ ಹ್ವಾದ ಮರುದಿನ. ಮುಂಜಾನಿ.”

“ಓಡಿದ್ದರ ಸಿಗ್ತಿದ್ನೇನು?”

“ಸಿಗ್ತಿದ್ದ.”

ಅವಳು ಕೂಗಲಿಲ್ಲ, ಮಣ್ಣು ತೂರಿ ಶಾಪ ಹಾಕಲಿಲ್ಲ. ಗೇಟು ತಿರುಗಿಸುವ ಕಬ್ಬಿಣದ ಚಕ್ರಕ್ಕೆ ಎರಡೂ ಕೈ ಬಡಿದಳು. ಹಸಿರು ಬಳೆಗಳು ಚೂರುಚೂರಾಗಿ ನೀರಿಗೆ ಉದುರಿದವು. ಮಣಿಕಟ್ಟಿನಿಂದ ರಕ್ತ ಸೋರಿತು. ಅಯ್ಯಣ್ಣ ತಲೆಯ ಟವೆಲು ಬಿಚ್ಚಿ ಮುಂದೆ ಹಿಡಿದ. ಅವಳು ಮುಟ್ಟಲಿಲ್ಲ.

“ನಾಲ್ಕು ವರ್ಷ ಎಡಿ ಇಲ್ಲದ ಹಸಗೊಂಡಾನ,” ಎಂದಷ್ಟೇ ಹೇಳಿ ಹೊಲದ ದಾರಿ ಹಿಡಿದಳು.

ಅಂದಿನಿಂದ ಅಯ್ಯಣ್ಣ ಊರವರು ಬಂದು ಉಗುಳಲಿ ಎಂದು ಕಾದ. ಯಾರೂ ಬರಲಿಲ್ಲ. ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಅವನು ಒಂದು ಹೊತ್ತಾದರೂ ನಿದ್ದೆ ಮಾಡುತ್ತಿದ್ದನೇನೋ.

ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ ದೇವಕಮ್ಮ ಬೋಳುಗೈಯಲ್ಲಿ ಎಡೆ ಹಿಡಿದು ಗೇಟಿಗೆ ಬಂದಳು. ಮುತ್ತುಗದ ದೊಡ್ಡ ಊಟದೆಲೆ, ಅದರ ಮೇಲೆ ಹೋಳಿಗೆ, ಅನ್ನ, ಬದನೆಕಾಯಿ ಪಲ್ಲೆ, ಚಂದ್ರಾಮಪ್ಪ ಸೇದುತ್ತಿದ್ದ ಬೀಡಿಯ ಒಂದು ಕಟ್ಟು. ಬಗ್ಗಿ ನೀರಿನ ಮೇಲೆ ಮೆಲ್ಲಗೆ ಬಿಟ್ಟಳು. ಎಲೆ ತೇಲಿ ಬಂದು ಗೇಟಿನ ಗೋಡೆಗೆ ತಗುಲಿ ನಿಂತಿತು, ಅಂದು ಚಂದ್ರಾಮಪ್ಪನ ಹೆಣ ನಿಂತಲ್ಲೇ.

“ಅಣ್ಣಾ, ಗಳ ತಗೋ.”

ಅಯ್ಯಣ್ಣ ಎರಡು ಹೆಜ್ಜೆ ಹಿಂದೆ ಸರಿದ. “ಅದನ್ನೊಂದು ಹೇಳಬ್ಯಾಡವ್ವಾ. ನೀರಿಗಿಳದು ಕೈಲೆ ದಾಟಸ್ತೀನಿ.”

“ಬ್ಯಾಡ. ಅಂವ ಹ್ವಾದ ಹಾದಿ ನಿನಗೊಬ್ಬನಿಗೇ ಗೊತ್ತು. ಅಂವ ಹೆಂಗ ಹ್ವಾದ, ಇದೂ ಹಂಗೇ ಹೋಗಬೇಕು. ದೂಡು.”

ಅವನು ಗಳ ಎತ್ತಿದ. ಅಳುತ್ತಾ ಎತ್ತಿದ, ಮೂಗಿನಲ್ಲಿ ನೀರು ಸುರಿಯುತ್ತಿತ್ತು. ಎಲೆಯ ಅಂಚಿಗೆ ಗಳದ ತುದಿ ತಾಗಿಸಿ ದೂಡಿದ. ಎಲೆ ಒಮ್ಮೆ ಗಿರ್ರನೆ ತಿರುಗಿ, ಗೇಟು ದಾಟಿ, ಸೆಳವಿಗೆ ಸಿಕ್ಕು ಇಪ್ಪತ್ತೆರಡನೆಯ ಕಲ್ಲಿನ ಕಡೆಗೆ ಹೊರಟಿತು.

ದೇವಕಮ್ಮ ಸೀರೆ ಎತ್ತಿ ಕಟ್ಟಿದಳು. ಆಮೇಲೆ ದಂಡೆಗುಂಟ ಅದರ ಜೊತೆಗೆ ಓಡತೊಡಗಿದಳು. ಕಲ್ಲು ದಾಟಿದರೂ ಅವಳು ನಿಲ್ಲಲಿಲ್ಲ.