ಲೈನಕ್ಕ ಬಣ್ಣ ಹಚ್ಚಿದ್ದು

ಆ ಸಿದ್ಧ ಉಡುಪಿನ ಕಾರ್ಖಾನೆಯ ಎರಡನೇ ಮಹಡಿಯಲ್ಲಿ ಎಲ್ಲರೂ ಅವಳನ್ನು ಲೈನಕ್ಕ ಎಂದೇ ಕರೆಯುತ್ತಿದ್ದರು. ಸಾಲಾಗಿ ಇಟ್ಟ ಹೊಲಿಗೆ ಯಂತ್ರಗಳಿಗೆ ಅಲ್ಲಿ ಲೈನು ಎನ್ನುತ್ತಾರೆ. ಒಂದು ಯಂತ್ರದಲ್ಲಿ ಕಾಲರ್, ಪಕ್ಕದ್ದರಲ್ಲಿ ತೋಳು, ಅದರಾಚೆ ಜೇಬು, ಹೀಗೆ ಬಟ್ಟೆಯ ತುಂಡುಗಳು ಕೈಯಿಂದ ಕೈಗೆ ದಾಟಿ ಕೊನೆಯ ಮೇಜಿಗೆ ಬರುವಷ್ಟರಲ್ಲಿ ಅಂಗಿಯಾಗಿರುತ್ತವೆ. ಆ ಸಾಲನ್ನು ನೋಡಿಕೊಳ್ಳುವವಳು ಅವಳು. ದಾರದ ತುದಿ ಕತ್ತರಿಸುವ ಹುಡುಗಿಯಾಗಿ ಸೇರಿದವಳು, ನಲವತ್ತು ದಾಟುವಾಗ ಮೇಲ್ವಿಚಾರಕಿಯಾಗಿದ್ದಳು.

ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಹುಡುಗಿಯರು ಯಾರ ಹಾಗಾದರೂ ಆಡಿ ತೋರಿಸಿ ಎಂದು ಅವಳನ್ನು ಪೀಡಿಸುತ್ತಿದ್ದರು. ಅವಳು ಟೇಪನ್ನು ಕೊರಳಿಗೆ ಹಾಕಿಕೊಂಡು, ಇಲ್ಲದ ಹೊಟ್ಟೆಯನ್ನು ಮುಂದೆ ಚಾಚಿ, ಮ್ಯಾನೇಜರನ ಹಾಗೆ ಎರಡು ಹೆಜ್ಜೆ ನಡೆದು, "ಅಂಗಿ ಹೊಲಿಯೋಕೆ ಬಂದಿದ್ದೀರೋ, ಬಾಯಿ ಹೊಲಿಸ್ಕೊಳ್ಳೋಕೆ ಬಂದಿದ್ದೀರೋ?" ಎಂದರೆ ಸಾಕು, ಒಬ್ಬಳಿಗಲ್ಲ ಒಬ್ಬಳಿಗೆ ಅನ್ನ ನೆತ್ತಿಗೆ ಹತ್ತುತ್ತಿತ್ತು. ಮ್ಯಾನೇಜರನನ್ನು ಆಡಿ ಮುಗಿಸಿದ ಮೇಲೆ ಹುಡುಗಿಯರನ್ನೇ ಆಡಿ ತೋರಿಸುವ ಸರದಿ. ಕಾಲರ್ ಹೊಲಿಯುವ ಹುಡುಗಿಯೊಬ್ಬಳಿದ್ದಳು, ಬಾಯಿಗೆ ಬೀಗವಿಲ್ಲದವಳು. ಅವಳನ್ನು ಗಿಣಿ ಎನ್ನುತ್ತಿದ್ದರು. ತನ್ನ ಮಾತನ್ನು ಲೈನಕ್ಕ ಆಡಿ ತೋರಿಸುವಾಗ ಗಿಣಿಯೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು.

ಕಾರ್ಖಾನೆಯ ಹಿಂದಿನ ಸಭಾಂಗಣದಲ್ಲಿ ಒಂದು ನಾಟಕ ತಂಡ ತಾಲೀಮು ನಡೆಸುತ್ತಿತ್ತು. ಚಹಾದಂಗಡಿಯ ಮುಂದೆ ಅವಳ ಅನುಕರಣೆಯನ್ನು ಒಮ್ಮೆ ನೋಡಿದ ತಂಡದ ಮೇಷ್ಟ್ರು, ಬಿಡುವಾದಾಗ ಬನ್ನಿ ಎಂದು ಕರೆದರು. ಅವಳು ಹೋದಳು, ಮತ್ತೆ ಮತ್ತೆ ಹೋದಳು. ಎರಡು ದೋಣಿಯಲ್ಲಿ ಕಾಲಿಟ್ಟರೆ ಎರಡೂ ದಕ್ಕುವುದಿಲ್ಲ ಎಂದು ಮೇಷ್ಟ್ರು ಹೇಳಿದ ಮೇಲೆ, ಕೆಲಸ ಬಿಡುವ ಮಾತನ್ನು ಮನೆಯಲ್ಲಿ ತೆಗೆದಳು.

ಅತ್ತೆ ಕೆಂಡವಾದರು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ, ಈ ವಯಸ್ಸಿಗೆ ಬಣ್ಣವಂತೆ ಎಂದು ಗೋಡೆಗೆ ಹೇಳಿದರು. ಗಂಡ ಬಸ್ಸಿನ ಚಾಲಕ, ಮಾತು ಕಡಿಮೆಯ ಮನುಷ್ಯ. ಊಟ ಮುಗಿಸಿ ಕೈ ತೊಳೆದು ಬಂದು, "ಹೋಗು. ನಾನು ಓಡಿಸೋ ಬಸ್ಸಿಗೆ ಒಂದೇ ರೂಟು. ನಿನಗಾದ್ರೂ ಬೇರೆ ದಾರಿ ಸಿಗಲಿ" ಎಂದ.

ಹೊರಡುವ ಮುಂಚಿನ ವಾರವೆಲ್ಲ ಅವಳು ತನ್ನ ಜಾಗಕ್ಕೆ ಬರುವ ಹುಡುಗಿಗೆ ಕೆಲಸ ಒಪ್ಪಿಸಿದಳು. ಯಾವ ಯಂತ್ರದ ಸೂಜಿ ಬೇಗ ಮುರಿಯುತ್ತದೆ, ಯಾವ ಹುಡುಗಿಗೆ ತಿಂಗಳ ಯಾವ ದಿನ ಕೂರಲು ಆಗುವುದಿಲ್ಲ, ಮ್ಯಾನೇಜರ್ ಯಾವಾಗ ಮಹಡಿ ಹತ್ತಿ ಬರುತ್ತಾನೆ, ಎಲ್ಲವನ್ನೂ ಹೇಳಿದಳು. ಒಂದನ್ನು ಹೇಳಲಿಲ್ಲ. ಹಿಂದಿನ ಮೆಟ್ಟಿಲಿನ ಬಾಗಿಲಿಗೆ ಕೆಲಸದ ಹೊತ್ತಿನಲ್ಲಿ ಬೀಗ ಹಾಕಿ ಬೀಗದ ಕೈಯನ್ನು ಮ್ಯಾನೇಜರನ ಕೋಣೆಯಲ್ಲಿ ಇಡಬೇಕೆಂಬ ಆಜ್ಞೆಯಿತ್ತು, ಬಟ್ಟೆ ಕಳುವಾಗುತ್ತದೆಂದು. ಲೈನಕ್ಕ ಬೀಗವನ್ನು ಒಳಗಿನ ಚಿಲಕಕ್ಕೆ ಸುಮ್ಮನೆ ನೇತುಹಾಕಿ ಬಿಡುತ್ತಿದ್ದಳು, ಒತ್ತುತ್ತಿರಲಿಲ್ಲ. ದೂರದಿಂದ ನೋಡಿದರೆ ಹಾಕಿದಂತೆಯೇ ಕಾಣುತ್ತಿತ್ತು. ವರ್ಷಗಳಿಂದ ಕೈ ತಾನಾಗಿ ಮಾಡುತ್ತಿದ್ದದ್ದು ಅದು. ಅದನ್ನು ಅವಳು ಕೆಲಸವೆಂದು ಎಣಿಸಿರಲೇ ಇಲ್ಲ.

ತಂಡದಲ್ಲಿ ಅವಳು ನೆಲ ಕಚ್ಚಿದಳು. ತಾಲೀಮಿನಲ್ಲಿ ಪರವಾಗಿಲ್ಲ ಎನ್ನಿಸುವವಳು ದೀಪದ ಕೆಳಗೆ ಹೋದರೆ ಮರದ ಹಲಗೆಯಾಗುತ್ತಿದ್ದಳು. ದನಿ ಮೂರನೇ ಸಾಲು ದಾಟುತ್ತಿರಲಿಲ್ಲ. ಕಾರ್ಖಾನೆಯ ಹುಡುಗಿಯರು ನಕ್ಕದ್ದು ಅವಳ ನಟನೆಗಲ್ಲ, ಮ್ಯಾನೇಜರನ ಮೇಲಿನ ಸಿಟ್ಟಿಗೆ, ಬೆಳಗಿನಿಂದ ಬಗ್ಗಿದ ಬೆನ್ನಿಗೆ ಎಂಬುದು ನಿಧಾನವಾಗಿ ಅವಳಿಗೆ ಅರ್ಥವಾಯಿತು. ದಣಿದವರನ್ನು ನಗಿಸುವುದು ಸುಲಭ. ಟಿಕೆಟ್ಟು ಕೊಂಡು ಕೂತವರನ್ನು ನಗಿಸುವುದು ಕಷ್ಟ. ಅಷ್ಟರಲ್ಲಿ ಯಾರದೋ ರವಿಕೆ ಹರಿಯಿತು, ಅವಳು ಹೊಲಿದು ಕೊಟ್ಟಳು. ಆಮೇಲೆ ಎಲ್ಲರ ಬಟ್ಟೆಯೂ ಅವಳ ಮುಂದೆಯೇ ಬಂದು ಬಿತ್ತು. "ಅಲ್ಲಿದ್ರೂ ಸೂಜಿ, ಇಲ್ಲಿದ್ರೂ ಸೂಜಿ. ಅಲ್ಲಿ ಕೂರೋಕೆ ಸ್ಟೂಲಾದ್ರೂ ಇತ್ತು" ಎಂದು ಗಂಡನೆದುರು ನಗಾಡಿದಳು. ಆದರೂ ಬಿಡಲಿಲ್ಲ. ಪರದೆಯ ಪಕ್ಕದಲ್ಲಿ ನಿಂತು ಪ್ರತಿಯೊಬ್ಬರ ಮಾತನ್ನೂ ತುಟಿಯೊಳಗೇ ಆಡುತ್ತಿದ್ದಳು.

ಕಾರ್ಖಾನೆಗೆ ಬೆಂಕಿ ಬಿದ್ದದ್ದು ಹಾಡಹಗಲು. ಅವಳು ಸಭಾಂಗಣದಲ್ಲಿ ರಾಜನ ಪಾತ್ರದ ನಿಲುವಂಗಿಗೆ ಅಂಚು ಹೊಲಿಯುತ್ತಿದ್ದಳು. ಸುಟ್ಟ ಬಟ್ಟೆಯ ವಾಸನೆ ಬಂದಾಗ ಮೊದಲು ತನ್ನ ಇಸ್ತ್ರಿಪೆಟ್ಟಿಗೆಯನ್ನೇ ನೋಡಿದಳು. ಹೊರಗೆ ಓಡಿ ಬರುವಷ್ಟರಲ್ಲಿ ಎರಡನೇ ಮಹಡಿಯ ಕಿಟಕಿಗಳಿಂದ ಕಪ್ಪು ಹೊಗೆ ಉಕ್ಕುತ್ತಿತ್ತು. ಬೆಂಕಿ ಹೊತ್ತಿದ್ದು ಇಸ್ತ್ರಿ ಮಾಡುವ ಮೂಲೆಯಲ್ಲಿ, ಮುಂದಿನ ಮೆಟ್ಟಿಲಿನ ಬಾಯಲ್ಲೇ. ಮೊದಲೇ ಎದ್ದವರು ಇಳಿದಿದ್ದರು. ಉಳಿದವರು ಹಿಂಬಾಗಿಲಿಗೆ ಓಡಿದ್ದರು.

ಅವಳು ಹಿಂದಿನ ಮೆಟ್ಟಿಲು ಹತ್ತಿದಳು. ಬಾಗಿಲ ಆಚೆ ಕೈಗಳ ಬಡಿತ ಕೇಳುತ್ತಿತ್ತು. "ಬೀಗ ಎಳೀರಿ, ಸುಮ್ನೆ ನೇತು ಹಾಕಿದೆ, ಎಳೀರಿ!" ಎಂದು ಕೂಗಿದಳು. ಒಳಗಿನಿಂದ ಗಿಣಿಯ ದನಿ, "ಇಲ್ಲ ಅಕ್ಕ, ಒತ್ತಿಬಿಟ್ಟಿದ್ದಾರೆ" ಎಂದಿತು. ಲೈನಕ್ಕ ಹೆಗಲಿನಿಂದ ಗುದ್ದಿದಳು, ಕಾಲಿನಿಂದ ಒದ್ದಳು. ಕಬ್ಬಿಣದ ಬಾಗಿಲು ಕದಲಲಿಲ್ಲ. ಆಮೇಲೆ ಯಾರೋ ಅವಳ ರಟ್ಟೆ ಹಿಡಿದು ಕೆಳಗೆ ಎಳೆದುಕೊಂಡು ಬಂದರು.

ಒಂಬತ್ತು ಹುಡುಗಿಯರು ಹೋದರು. ಅವರಲ್ಲಿ ಗಿಣಿಯೂ ಇದ್ದಳು, ಲೈನಕ್ಕನ ಜಾಗಕ್ಕೆ ಬಂದಿದ್ದ ಹುಡುಗಿಯೂ ಇದ್ದಳು. ಪಾಪ, ಅವಳು ಹೊಸಬಳು. ಮ್ಯಾನೇಜರ್ ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ್ದಳು.

ಲೈನಕ್ಕ ಹಾಸಿಗೆ ಹಿಡಿದಳು. ತಾನು ಅಲ್ಲೇ ಇದ್ದಿದ್ದರೆ ಎಂದು ಒಮ್ಮೆ ಗಂಡನ ಮುಂದೆ ಶುರು ಮಾಡಿದಳು. ಬೀಗ ಹಾಕಿಸಿದವನು ಮ್ಯಾನೇಜರ್, ನೀನಲ್ಲ ಎಂದು ಅವನು ಹೇಳಿದ. ಅದು ನಿಜವೆಂದು ಅವಳಿಗೂ ಗೊತ್ತಿತ್ತು, ನಿಜದಿಂದ ಏನೂ ಹಗುರವಾಗಲಿಲ್ಲ ಅಷ್ಟೆ. ಬಣ್ಣದ ಬಗ್ಗೆ ಸದಾ ಕೊಂಕಾಡುತ್ತಿದ್ದ ಅತ್ತೆ ಈಗ ಗಂಜಿ ತಂದಿಟ್ಟು ತಲೆ ನೇವರಿಸಿ ಹೋಗುತ್ತಿದ್ದರು.

ತಿಂಗಳುಗಳ ಮೇಲೆ ಮೇಷ್ಟ್ರು ಮನೆಗೆ ಬಂದರು. ಹುಡುಗಿಯರ ಬಗ್ಗೆ ನಾಟಕ ಮಾಡಬೇಕು, ಮ್ಯಾನೇಜರನ ಮೇಲಿನ ಮೊಕದ್ದಮೆ ಮೂಲೆಗೆ ಬಿದ್ದಿದೆ, ಜನ ಮರೆಯುತ್ತಿದ್ದಾರೆ, ಒಬ್ಬಳೇ ಒಂಬತ್ತು ಜನರಾಗಿ ನಿಂತು ಮಾತಾಡಬೇಕು ಎಂದು ವಿವರಿಸಿದರು. ಅವಳು ಒಲ್ಲೆ ಎಂದಳು. ಅವರು ಹೋದ ಮೇಲೆ ಸ್ನಾನದ ಮನೆಯ ಬಾಗಿಲು ಹಾಕಿಕೊಂಡು ಗಿಣಿಯ ದನಿಯಲ್ಲಿ ಎರಡು ಮಾತು ಆಡಿ ನೋಡಿದಳು. ದನಿ ಹಾಗೇ ಬಂತು. ಅವಳಿಗೆ ಭಯವಾಯಿತು.

ಮಾಡುವುದಾದರೂ ಕೇಳದೆ ಮಾಡಬಾರದೆಂದು ಗಿಣಿಯ ಅಮ್ಮನ ಮನೆಗೆ ಹೋದಳು. ಆಕೆ ಶಾಲೆಯೊಂದರಲ್ಲಿ ಕಸ ಗುಡಿಸುವವಳು. ಒಂದೇ ಕೋಣೆ, ಹಗ್ಗದ ಮೇಲೆ ಮಗಳ ಚೂಡಿದಾರ ಇನ್ನೂ ಇತ್ತು. ಲೈನಕ್ಕ ಬಂದ ಕಾರಣ ಹೇಳಿದಳು. ಬೀಗದ ಸಂಗತಿಯನ್ನೂ ಹೇಳಿದಳು, ಮುಚ್ಚಿಡಲಿಲ್ಲ. ಆಕೆ ಕೈಯಲ್ಲಿದ್ದ ಲೋಟವನ್ನು ತಿರುಗಿಸುತ್ತ, "ನೀವು ಅವಳ ಹಾಗೇ ಮಾತಾಡ್ತೀರಂತೆ. ಮನೆಗೆ ಬಂದು ಹೇಳ್ತಿದ್ಲು. ಒಂದ್ಸಲ ಮಾತಾಡಿ" ಎಂದಳು.

ಆಗುವುದಿಲ್ಲಮ್ಮ ಎಂದಳು ಲೈನಕ್ಕ. ಆಕೆ ಬಿಡಲಿಲ್ಲ. ಕೊನೆಗೆ ಲೈನಕ್ಕ ಕಣ್ಣು ಮುಚ್ಚಿಕೊಂಡು, ಗಿಣಿ ದಿನವೂ ಹೇಳುತ್ತಿದ್ದದ್ದನ್ನೇ ಹೇಳಿದಳು: ಬಸ್ಸಿನಲ್ಲಿ ಸೀಟಿಗಾಗಿ ಜಗಳವಾಡಿದ್ದು, ಅಮ್ಮ ಬುತ್ತಿಗೆ ಉಪ್ಪು ಮರೆತದ್ದು, ನಾಳೆ ಬೇಗ ಹೋಗಬೇಕೆಂದದ್ದು. ಗಡಿಬಿಡಿಯಲ್ಲಿ ಮಾತು ಮಾತಿಗೆ ಡಿಕ್ಕಿ ಹೊಡೆಯುವ ಅದೇ ದನಿ. ಕಣ್ಣು ತೆರೆದಾಗ ಆಕೆ ಗೋಡೆಯ ಕಡೆ ತಿರುಗಿ ಕೂತಿದ್ದಳು.

"ಉಪ್ಪು ನಾನು ಮರೀತಿರಲಿಲ್ಲ," ಎಂದಳು ಆಕೆ. "ಅವಳಿಗೇ ಜಾಸ್ತಿ ಬೇಕಿತ್ತು." ಆಮೇಲೆ, "ಆಡಿ ನೀವು. ನನ್ನನ್ನ ಮಾತ್ರ ಕರೀಬೇಡಿ" ಎಂದಳು.

ಮೊದಲ ಪ್ರದರ್ಶನದ ದಿನ ದೀಪದ ಕೆಳಗೆ ಹೋದ ಲೈನಕ್ಕ ಹಲಗೆಯಾಗಲಿಲ್ಲ. ದನಿ ಕೊನೆಯ ಸಾಲಿನ ಹಿಂದಿನ ಗೋಡೆಗೆ ಹೋಗಿ ಬಡಿಯಿತು. ಒಬ್ಬೊಬ್ಬಳನ್ನೇ ಕರೆತಂದು, ನಗಿಸಿ, ಕಳಿಸಿಕೊಟ್ಟಳು.  ಮುಗಿದಾಗ ಎಲ್ಲರೂ ಒಟ್ಟಿಗೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೆಲಸ ಬಿಡುವಾಗ ಅವಳು ಕನಸು ಕಂಡಿದ್ದ ಚಪ್ಪಾಳೆಗಿಂತ ದೊಡ್ಡದು ಅದು. ಅವಳು ತಲೆ ಬಾಗಿಸಲಿಲ್ಲ. ಒಳಗೆ ಹೋಗಿ ಬಕೆಟ್ಟಿನ ಮುಂದೆ ಕೂತು ಮುಖದ ಬಣ್ಣ ತೊಳೆದುಕೊಂಡಳು. ಇಷ್ಟು ವರ್ಷ ಎಲ್ಲಿ ಅಡಗಿಸಿಟ್ಟಿದ್ದಿರಿ ಇದನ್ನು ಎಂದು ಮೇಷ್ಟ್ರು ಕಣ್ಣೊರೆಸಿಕೊಂಡು ಕೇಳಿದರು. ಅವಳು ಮುಖ ಒರೆಸಿಕೊಂಡು ಹೊರಟಳು.

ಹೊರಗೆ ಗಂಡ ಕಾಯುತ್ತಿದ್ದ. ರಜೆ ಹಾಕಿ ಬಂದು ಹಿಂದೆ ಕೂತು ನೋಡಿದ್ದ. ಇಬ್ಬರೂ ಮನೆಯ ಕಡೆ ನಡೆದರು.

"ಚೆನ್ನಾಗಿತ್ತು," ಎಂದ ಅವನು. "ಆದ್ರೆ ನೀನೆಲ್ಲೂ ಕಾಣಲಿಲ್ಲ."

"ಇನ್ಮೇಲೆ ನೋಡೋಕೆ ಬರಬೇಡಿ," ಎಂದಳು.

ನಾಟಕ ಊರೂರು ಸುತ್ತಿತು. ಪತ್ರಿಕೆಯವರು ಬಂದರು, ಕೆಲಸ ಬಿಟ್ಟು ಕನಸು ಬೆನ್ನು ಹತ್ತಿ ಗೆದ್ದವಳು ಎಂದು ಬರೆದರು. ಮೊಕದ್ದಮೆಗೆ ಮತ್ತೆ ಜೀವ ಬಂತು, ಒಂದೆರಡು ಬಾರಿ ವಿಚಾರಣೆ ನಡೆದು ಮತ್ತೆ ಮುಂದಕ್ಕೆ ಹೋಯಿತು. ಮನೆಯಲ್ಲಿ ಅವಳು ಯಾರ ಹಾಗೂ ಮಾತಾಡುವುದನ್ನು ಬಿಟ್ಟಳು. ಪಕ್ಕದ ಮನೆಯವಳು ಹೇಗೆ ಕೆಮ್ಮುತ್ತಾಳೆ ತೋರಿಸು ಎಂದು ಅತ್ತೆಯೇ ಒಮ್ಮೆ ಕೇಳಿದರು, ಅವಳನ್ನು ನಗಿಸಲೆಂದು. ಲೈನಕ್ಕ ತರಕಾರಿ ಹೆಚ್ಚುತ್ತಿದ್ದವಳು ತಲೆ ಎತ್ತಲಿಲ್ಲ. ಸಂಜೆ ಇನ್ನೊಂದು ಪ್ರದರ್ಶನವಿತ್ತು. ಅಷ್ಟರೊಳಗೆ ಅಡುಗೆ ಮುಗಿಸಬೇಕಿತ್ತು.